ಫಲಕ ಮಹಾಶಯರಿಗೆ ಒಂದು ಬಹಿರಂಗ ವಿಜ್ಞಾಪನೆ

ಶ್ರೀಮತ್ ಸಕಲನಿಷೇಧಸಂಪನ್ನರೂ, ಅಹೋರಾತ್ರಿ ಜಾಗೃತರೂ, ದಕ್ಷಿಣ ಬೆಂಗಳೂರಿನ ಒಂದು ಉದ್ಯಾನದ ಬಾಗಿಲಲ್ಲಿ ಎರಡು ಕಬ್ಬಿಣದ ಕಾಲುಗಳ ಮೇಲೆ ಅಚಲವಾಗಿ ನಿಂತವರೂ ಆದ ಫಲಕ ಮಹಾಶಯರ ಸನ್ನಿಧಿಗೆ, ಬನಶಂಕರಿ ಎರಡನೆಯ ಹಂತದ ನಿವಾಸಿಯೂ, ತಂಗಿಯ ಮಕ್ಕಳಿಬ್ಬರಿಗೆ ಸೋದರಮಾವನೂ, ಒಂದು ಹಳೆಯ ಸೈಕಲ್ಲಿನ ಒಡೆಯನೂ ಆದವನು ಮಾಡುವ ವಿಜ್ಞಾಪನೆಗಳು. ಉಭಯ ಕುಶಲೋಪರಿ ಸಾಂಪ್ರತ.

ತಾವು ನನ್ನನ್ನು ಬಲ್ಲಿರೋ ಇಲ್ಲವೋ, ನಾನಂತೂ ತಮ್ಮನ್ನು ಆದ್ಯಂತವಾಗಿ ಓದಿದ್ದೇನೆ. ಇಷ್ಟು ಸಂಕ್ಷಿಪ್ತವೂ ನಿಸ್ಸಂದಿಗ್ಧವೂ ಆದ ಗದ್ಯವನ್ನು ಬರೆಯಬಲ್ಲವರು ಈ ನಗರದಲ್ಲಿ ವಿರಳ. ಹುಲ್ಲಿನ ಮೇಲೆ ಕೂರಬಾರದು, ಹೂವು ಕೀಳಬಾರದು, ಚೆಂಡಾಟ ಆಡಬಾರದು, ನಾಯಿಯನ್ನು ತರಬಾರದು, ಸೈಕಲ್ ತುಳಿಯಬಾರದು. ಅದರ ಕೆಳಗಿನ ಸಾಲಿನ ಮೇಲೆ ಯಾರೋ ಪುಣ್ಯಾತ್ಮರು ‘ಪಿ.ಜಿ. ಫಾರ್ ಜೆಂಟ್ಸ್, ಊಟ ತಿಂಡಿ ಸಹಿತ’ ಎಂಬ ಚೀಟಿಯನ್ನು ಮೈದಾಹಿಟ್ಟಿನ ಅಂಟಿನಿಂದ ಭದ್ರವಾಗಿ ಮೆತ್ತಿರುವುದರಿಂದ, ಅಲ್ಲಿ ಮಾಡಬಾರದ್ದು ಏನೆಂಬುದು ಮುಚ್ಚಿಹೋಗಿ, ಬಾರದು ಎಂಬುದಷ್ಟೇ ಹೊರಗೆ ಕಾಣುತ್ತಿದೆ. ಆ ಒಂದು ನಿಷೇಧವನ್ನು ನಾವು ನಿತ್ಯವೂ ಉಲ್ಲಂಘಿಸುತ್ತಿದ್ದೇವೆಯೋ ಏನೋ ಎಂಬ ಭೀತಿ ನಮ್ಮ ಮನೆಯಲ್ಲಿ ಈಗಲೂ ಇದೆ.

ತಮ್ಮ ವಂಶ ದೊಡ್ಡದು. ಇದೇ ನಗರದ ಬೇರೊಂದು ಉದ್ಯಾನದಲ್ಲಿದ್ದ ತಮ್ಮ ದಾಯಾದಿಯೊಬ್ಬರು ಓಡಕೂಡದು, ಅಪ್ರದಕ್ಷಿಣವಾಗಿ ನಡೆಯಕೂಡದು ಎಂದು ವಿಧಿಸಿ, 2024ರಲ್ಲಿ ಭಾವಚಿತ್ರಸಮೇತ ಪತ್ರಿಕೆಗಳಲ್ಲಿ ಪ್ರಕಟವಾದದ್ದನ್ನು ಕಂಡು ತಾವು ಹಿಗ್ಗಿರಬಹುದು. ಪ್ರದಕ್ಷಿಣೆಯ ನಿಯಮ ಇದ್ದ ಮೇಲೆ ನಡುವೆ ಗರ್ಭಗುಡಿಯೂ ಇರತಕ್ಕದ್ದಷ್ಟೆ. ಅಲ್ಲಿ ಪ್ರತಿಷ್ಠಿತವಾಗಿರುವ ದೈವ ಯಾವುದೆಂದು ವಿಚಾರಿಸಿದರೆ, ರಕ್ತದೊಳಗಿನ ಸಕ್ಕರೆ ಎಂದಲ್ಲದೆ ಬೇರೆ ಉತ್ತರ ನನಗೆ ತೋಚದು. ಆ ದೈವಕ್ಕೆ ಹರಕೆ ಹೊತ್ತು ಬೆಳಗಿನ ಜಾವದಲ್ಲಿ ಸುತ್ತುವ ಹಿರಿಯರ ವಿಷಯದಲ್ಲಿ ನನಗೆ ಅಪಾರ ಗೌರವವಿದೆಯೆಂಬುದನ್ನು ಮೊದಲೇ ಅರಿಕೆ ಮಾಡಿಕೊಂಡು ಮುಂದಿನ ಸಂಗತಿಗೆ ಬರುತ್ತೇನೆ.

ಭಾನುವಾರದ ಬೆಳಗಿನಲ್ಲಿ, ದಕ್ಷಿಣ ಬೆಂಗಳೂರು ಇನ್ನೂ ಇಡ್ಲಿಯ ಧ್ಯಾನದಲ್ಲಿರುವಾಗ, ಹತ್ತು ವರ್ಷದ ಹುಡುಗಿ ಮುಂದೆ, ಪಕ್ಕದ ಪುಟ್ಟ ಚಕ್ರಗಳನ್ನು ಈಚೆಗಷ್ಟೇ ಕಳಚಿಸಿಕೊಂಡ ಅವಳ ತಮ್ಮ ನಡುವೆ, ಕಾವಲುಗಾರನಾದ ನಾನು ಹಿಂದೆ, ಹೀಗೆ ಮೂರು ಸೈಕಲ್ಲುಗಳ ಮೆರವಣಿಗೆಯಾಗಿ ಯಡಿಯೂರು ಕೆರೆಯ ಮಗ್ಗುಲಿನಿಂದ ಜಯನಗರಕ್ಕೆ ಇಳಿದು, ಲಕ್ಷ್ಮಣರಾವ್ ಉದ್ಯಾನವನ್ನೂ ಮಾಧವನ್ ಪಾರ್ಕನ್ನೂ ನೋಡಿಕೊಂಡು, ಜೆ.ಪಿ. ನಗರದ ಮಿನಿ ಫಾರೆಸ್ಟಿನ ನೆರಳಿನಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚಿ, ಸಾರಕ್ಕಿ ಕೆರೆಯ ಹಕ್ಕಿಗಳಿಗೆ ಹಾಜರಿ ಹಾಕಿ ಮನೆಗೆ ಮರಳುವುದೆಂಬುದು ನಮ್ಮ ಸಂಕಲ್ಪ. ಸಂಕಲ್ಪ ಸುಂದರವಾದದ್ದೇ. ಬಿಟಿಎಂ ಬಡಾವಣೆಯ ಮಗ್ಗುಲಿನ ಮಡಿವಾಳ ಕೆರೆಯೂ ಪಟ್ಟಿಯಲ್ಲಿತ್ತು. ಆದರೆ ನಡುವೆ ಬನ್ನೇರುಘಟ್ಟ ರಸ್ತೆಯಿದೆ, ಅದನ್ನು ಏಳು ವರ್ಷದ ಬಾಲಕನೊಡನೆ ದಾಟುವ ಧೈರ್ಯ ವೈತರಣಿಯನ್ನು ದಾಟಿದವರಿಗೆ ಮಾತ್ರ ಬರತಕ್ಕದ್ದು.

ಈ ಯಾತ್ರೆಯಲ್ಲಿಯೇ ತಮ್ಮ ದರ್ಶನವಾದದ್ದು. ತಮ್ಮ ಪಕ್ಕದ ಅಂಕುಡೊಂಕು ಕಬ್ಬಿಣದ ದಾರಿಯಲ್ಲಿ ಸೈಕಲ್ ತೂರದು. ತೂರದಿರಲೆಂದೇ ಅದನ್ನು ಹಾಗೆ ಬಗ್ಗಿಸಿರುವುದು. ಅದರಲ್ಲಿ ಹಸುಗೂಸಿನ ತಳ್ಳುಗಾಡಿಯೂ ಗಾಲಿಕುರ್ಚಿಯೂ ತೂರುವುದಿಲ್ಲವೆಂಬುದು ಉಪಫಲ. ಆದ್ದರಿಂದ ನಮ್ಮ ಉದ್ಯಾನವಿಹಾರವು ಕ್ರಮೇಣ ಬಾಗಿಲಿನಿಂದ ಬಾಗಿಲಿಗೆ ನಡೆಯುವ ಯಾತ್ರೆಯಾಯಿತು: ಒಬ್ಬರು ಒಳಗೆ ಜೋಕಾಲಿಯಾಡುವುದು, ಇನ್ನೊಬ್ಬರು ಹೊರಗೆ ಸೈಕಲ್ ಕಾಯುವುದು, ಕಾಯುವವರು ಗೇಟಿನ ಸರಳುಗಳ ಸಂದಿನಿಂದ ಮುಖವಿಟ್ಟು “ಬೇಗ ಬಾರೋ, ನನ್ ಟರ್ನು” ಎಂದು ಕೂಗುವುದು. ಹಾಗೆ ತನ್ನ ಸರದಿ ಬಂದು ಒಳಗೆ ಹೋದ ಹುಡುಗಿ, ಜಾರುಬಂಡೆಯ ಕಡೆಗೆ ಓಡದೆ, ಓಪನ್ ಜಿಮ್ಮಿನ ಮುಂದೆ ನಿಂತುಬಿಟ್ಟಳು. ಅಲ್ಲಿ ಕಾಂಕ್ರೀಟಿನಲ್ಲಿ ಹೂಳಿದ, ನೀಲಿ ಹಳದಿ ಬಣ್ಣ ಬಳಿದ, ಹ್ಯಾಂಡಲ್ಲೂ ಸೀಟೂ ಪೆಡಲ್ಲೂ ಇದ್ದು ಚಕ್ರಗಳೆರಡು ಮಾತ್ರ ಇಲ್ಲದ ಒಂದು ಸೈಕಲ್ಲು. ಅದರ ಮೇಲೆ ಮಂಕಿ ಟೋಪಿ ತೊಟ್ಟ ವೃದ್ಧರೊಬ್ಬರು ಕಣ್ಣು ಮುಚ್ಚಿ, ಕೀಚು ಕೀಚೆಂದು, ಶ್ರದ್ಧೆಯಿಂದ ತುಳಿಯುತ್ತಿದ್ದರು. ಅವಳು ಗೇಟಿನ ಬಳಿಗೆ ಬಂದು ಕೇಳಿದಳು:

“ಮಾಮ, ಆ ತಾತ ತುಳೀತಿರೋದೂ ಸೈಕಲ್ಲೇ ಅಲ್ವಾ?”

“ಹೌದಮ್ಮ. ಆದರೆ ಅದು ಎಲ್ಲಿಗೂ ಹೋಗಲ್ಲ.”

“ಹಾಗಾದ್ರೆ ನಿಮ್ ಸೈಕಲ್ಲನ್ನ ಸ್ಟ್ಯಾಂಡ್ ಹಾಕಿ ತುಳಿದ್ರೆ ಒಳಗೆ ಬಿಡ್ತಾರಾ?”

ಫಲಕ ಮಹಾಶಯರೇ, ಈ ಪ್ರಶ್ನೆಯನ್ನು ತಮಗೆ ವರ್ಗಾಯಿಸುತ್ತಿದ್ದೇನೆ. ಸೈಕಲ್ಲಿನ ವಿಷಯದಲ್ಲಿ ನಗರದ ಸಿದ್ಧಾಂತವೇನೆಂಬುದು ಆ ಕ್ಷಣದಲ್ಲಿ ನನಗೆ ಸ್ಪಷ್ಟವಾಯಿತು: ಚಲಿಸದೆ ಇರುವುದಾದರೆ ಅದು ಆರೋಗ್ಯ, ಸರ್ಕಾರಿ ಖರ್ಚಿನಲ್ಲಿ ನೆಡತಕ್ಕದ್ದು, ಚಲಿಸಿತೆಂದರೆ ಅದು ಅಪರಾಧ, ಬಾಗಿಲ ಹೊರಗೆ ಬಿಡತಕ್ಕದ್ದು.

ಹೊರಗೆ ಎಂದರೆ ಎಲ್ಲಿ? ಇದಕ್ಕೆ ಉತ್ತರವಿತ್ತು, ಒಂದು ಕಾಲದಲ್ಲಿ. 1948ರಲ್ಲಿ ಜಯನಗರಕ್ಕೆ ಅಸ್ತಿಭಾರ ಬಿದ್ದು, ಅಗಲವಾದ ಬೀದಿಗಳೂ ಸಾಲುಮರಗಳೂ ಉದ್ಯಾನಗಳೂ ಕೂಡಿದ ಬಡಾವಣೆಯಾಗಿ ಅದು ಬೆಳೆದ ಮೇಲೆ, ಮಕ್ಕಳು ಗಂಟೆಯ ಬಾಡಿಗೆಗೆ ಸೈಕಲ್ ತಂದು, ಸೀಟಿಗೆ ಕಾಲು ಎಟುಕದೆ ಒಳಪೆಡಲ್ ತುಳಿದು ಕಲಿತದ್ದು ಬೀದಿಯಲ್ಲಿಯೇ. ದೀಪವಿಲ್ಲದ ಸೈಕಲ್ಲನ್ನೂ ಡಬಲ್ ರೈಡನ್ನೂ ಪೊಲೀಸರು ಹಿಡಿಯುತ್ತಿದ್ದರು. ಹಿಡಿಯುತ್ತಿದ್ದರೆಂದರೆ, ಸೈಕಲ್ಲನ್ನು ವಾಹನವೆಂದು ಮನ್ನಿಸುತ್ತಿದ್ದರೆಂದೇ ಅರ್ಥ. ಈಗ ಅದನ್ನು ಹಿಡಿಯುವವರೂ ಇಲ್ಲ. 2012ರ ಸುಮಾರಿನಲ್ಲಿ ಇದೇ ಜಯನಗರದ ರಸ್ತೆಗಳ ಅಂಚಿನಲ್ಲಿ ಸೈಕಲ್ ಪಥಗಳನ್ನು ಗುರುತಿಸಿ, ಡಾಂಬರಿನ ಮೇಲೆ ಸೈಕಲ್ಲಿನ ಚಿತ್ರವನ್ನೂ ಬಿಡಿಸಿದರು. ಚಿತ್ರ ಚೆನ್ನಾಗಿಯೇ ಇತ್ತು. ಅದರ ಮೇಲೆ ಕಾರುಗಳು ನಿಂತವು. ಬಿಸಿಲು ಮಳೆಗಳಿಂದ ಚಿತ್ರಕಲೆಯನ್ನು ರಕ್ಷಿಸುವುದಕ್ಕಾಗಿ ಜನ ತಮ್ಮ ಕಾರುಗಳನ್ನು ಅರ್ಪಿಸಿದ ಈ ತ್ಯಾಗ ಬೇರೆ ಊರುಗಳಲ್ಲಿ ಕಾಣಸಿಗುವುದು ಅಪೂರ್ವ.

ಇನ್ನು ಮಾರೇನಹಳ್ಳಿ ರಸ್ತೆಯ ವೈಭವವನ್ನು ಏನೆಂದು ವರ್ಣಿಸಲಿ! ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿನ ಕಡೆಗೆ 2024ರ ಜುಲೈನಲ್ಲಿ ತೆರೆದ ಎರಡಂತಸ್ತಿನ ಸೇತುವೆಯಲ್ಲಿ ನಡುವಿನ ಅಂತಸ್ತು ಮೋಟಾರು ವಾಹನಗಳಿಗೆ, ಮೇಲಿನದು 2025ರ ಆಗಸ್ಟಿನಿಂದ ಮೆಟ್ರೊ ರೈಲಿಗೆ, ಕೆಳಗಿನ ನೆಲ ಉಳಿದ ಮೋಟಾರು ವಾಹನಗಳಿಗೆ. ತ್ರಿವಿಕ್ರಮನಂತೆ ಮೂರು ಲೋಕಗಳನ್ನು ವ್ಯಾಪಿಸಿದ ಈ ಮಾರ್ಗದಲ್ಲಿ ಒಂದು ಮಗುವಿನ ಸೈಕಲ್ಲಿಗೆ ಬೇಕಾದ ಮೂರು ಮೊಳ ಅಗಲದ ಜಾಗ ಮಾತ್ರ ದೊರೆಯಲಿಲ್ಲ. ಪಾದಚಾರಿ ಮಾರ್ಗಕ್ಕೆ ಹತ್ತೋಣವೆಂದರೆ ಅಲ್ಲಿ ಸ್ಕೂಟರುಗಳು ಬರುತ್ತಿರುತ್ತವೆ, ಎದುರಿನಿಂದ, ಹಾರನ್ ಬಾರಿಸುತ್ತ. ದಾರಿ ಬಿಡದ ನಮ್ಮನ್ನು ನೋಡಿ ಅವರಿಗೆ ಆಗುವ ಧರ್ಮಸಂಕಟವನ್ನು ನಾನು ಬಲ್ಲೆ.

ಉದ್ಯಾನವನ್ನೂ ಆಟದ ಮೈದಾನವನ್ನೂ ಒಂದೇ ಉಸಿರಿನಲ್ಲಿ ಹೆಸರಿಸಿ, ಎರಡನ್ನೂ ಕಾಪಾಡಬೇಕೆಂದು ನಮ್ಮ ಶಾಸನಸಭೆ 1985ರಲ್ಲಿಯೇ ಒಂದು ಕಾಯಿದೆ ಮಾಡಿದೆ. ಕಾಯಿದೆ ಮಾಡಿದವರ ಮನಸ್ಸಿನಲ್ಲಿ ಮಕ್ಕಳಿದ್ದಿರಬೇಕು. ಮಕ್ಕಳಿಂದ ಉದ್ಯಾನವನ್ನು ಕಾಪಾಡುವುದು ಎಂಬ ವ್ಯಾಖ್ಯಾನ ತಮ್ಮ ಸ್ವಂತದ್ದು.

ಬೇರೆಡೆಯಲ್ಲಿ ಹೀಗಿಲ್ಲವೇ ಎಂದರೆ, ಕೊಲಂಬಿಯಾದ ರಾಜಧಾನಿ ಬೊಗೊಟಾದಲ್ಲಿ 1974ರಿಂದ ಒಂದು ಪದ್ಧತಿಯಿದೆ: ಭಾನುವಾರಗಳಲ್ಲಿಯೂ ರಜಾದಿನಗಳಲ್ಲಿಯೂ ಬೆಳಗಿನ 7ರಿಂದ ಮಧ್ಯಾಹ್ನ 2ರವರೆಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ರಸ್ತೆಗಳಿಂದ ಮೋಟಾರುಗಳನ್ನು ಹೊರಗಿಟ್ಟು, ಸೈಕಲ್ಲಿಗೂ ನಡೆಯುವವರಿಗೂ ಬಿಟ್ಟುಕೊಡುತ್ತಾರೆ. ಅಷ್ಟು ದೂರವೂ ಬೇಡ. ನಮ್ಮಲ್ಲಿಯೇ 2013ರಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯದವರು ನಾಗರಿಕರೊಡಗೂಡಿ ಸೈಕಲ್ ದಿನವನ್ನು ಆರಂಭಿಸಿ, ಒಂದೊಂದು ಬಡಾವಣೆಯಲ್ಲಿ ಭಾನುವಾರದ ಕೆಲವು ತಾಸು ರಸ್ತೆಯನ್ನು ಮಕ್ಕಳಿಗೆ ಬಿಡಿಸಿಕೊಟ್ಟರು. ನಡುರಸ್ತೆಯಲ್ಲಿ ಸೀಮೆಸುಣ್ಣದಿಂದ ಕುಂಟೆಬಿಲ್ಲೆಯ ಮನೆಗಳನ್ನು ಬರೆಯಬಹುದೆಂದು ಈ ಊರಿಗೂ ಗೊತ್ತಾಗಿತ್ತು.

ತಮ್ಮ ಪಕ್ಷದಲ್ಲಿ ನ್ಯಾಯವೇ ಇಲ್ಲವೆಂದು ನಾನು ಹೇಳಲಾರೆ. ಇಳಿಜಾರಿನಲ್ಲಿ ಬ್ರೇಕು ಮರೆತು ಬರುವ ಬಾಲಕನೊಬ್ಬ ಎಪ್ಪತ್ತು ದಾಟಿದವರ ಸೊಂಟ ಮುರಿದರೆ, ಆ ಮೂಳೆ ಕೂಡುವಷ್ಟರಲ್ಲಿ ಒಂದು ಸಂಸಾರವೇ ಬಾಗಿಹೋಗುತ್ತದೆ. ಕಿರಿದಾದ ನಡಿಗೆಯ ಹಾದಿಯಲ್ಲಿ, ಬೆಳಗಿನ ಜನಜಂಗುಳಿಯ ಹೊತ್ತಿನಲ್ಲಿ ಸೈಕಲ್ಲು ಬೇಡವೆಂಬುದು ಸರಿಯಾದ ಮಾತೇ. ಆದರೆ ಜನಜಂಗುಳಿ ಇಲ್ಲದ ಹೊತ್ತಿನ ಮಾತೇನು? 2024ರಿಂದ ನಗರದ ಉದ್ಯಾನಗಳನ್ನು ಬೆಳಗಿನ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂದು ಸರ್ಕಾರ ತೀರ್ಮಾನಿಸಿದೆಯಷ್ಟೆ. ಭಾನುವಾರ ಹತ್ತು ಗಂಟೆಯ ಹೊತ್ತಿಗೆ ನಗೆಕೂಟದವರು ನಕ್ಕು ಮುಗಿಸಿರುತ್ತಾರೆ, ವಾಕಿಂಗಿನವರು ದರ್ಶಿನಿಯಲ್ಲಿ ಎರಡನೆಯ ಕಾಫಿಗೆ ಕೂತಿರುತ್ತಾರೆ. ಆಮೇಲೆ ಆ ಕಲ್ಲುಹಾಸಿನ ಮೇಲೆ ಓಡಾಡುವುದು ಅಳಿಲುಗಳು. ಅವು ಅಪ್ರದಕ್ಷಿಣವಾಗಿ ಓಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ತಾವೂ ಕಂಡು ಸುಮ್ಮನಿದ್ದೀರಿ.

ಆದಕಾರಣ ಬಿನ್ನಹ ಇಷ್ಟೆ. 2025ರ ಸೆಪ್ಟೆಂಬರಿನಲ್ಲಿ ನಮ್ಮ ಒಂದು ಪಾಲಿಕೆ ಐದಾದದ್ದರಿಂದ ತಮ್ಮ ನೆತ್ತಿಯ ಮೇಲಿನ ಹೆಸರನ್ನು ಹೇಗಿದ್ದರೂ ಹೊಸದಾಗಿ ಬರೆಸಬೇಕಾಗಿದೆ. ಬಣ್ಣದ ಡಬ್ಬಿ ತೆರೆದಾಗಲೇ ಕೆಳಗೆ ಇನ್ನೊಂದು ಸಾಲನ್ನು ಸೇರಿಸಲು ಅಪ್ಪಣೆಯಾಗಬೇಕು: ‘ಭಾನುವಾರ ಬೆಳಗ್ಗೆ 10ರಿಂದ 12ರವರೆಗೆ, 20 ಇಂಚಿನವರೆಗಿನ ಚಕ್ರದ ಮಕ್ಕಳ ಸೈಕಲ್ಲುಗಳಿಗೆ, ಹಿರಿಯರು ಜೊತೆಯಲ್ಲಿದ್ದರೆ, ಪ್ರವೇಶವಿದೆ.’ ಜಾಗ ಸಾಲದಿದ್ದರೆ ಆ ಪಿ.ಜಿ.ಯ ಚೀಟಿಯನ್ನು ಕೀಳುವ ಕೆಲಸವನ್ನು ನಾವು ಮೂವರೂ ಒಂದು ಬಕೆಟ್ಟು ನೀರು ತಂದು ಮಾಡಿಕೊಡುತ್ತೇವೆ.

ಇತಿ ತಮ್ಮ ವಿಧೇಯ,
ಗೇಟಿನ ಹೊರಗೆ ಸೈಕಲ್ ಕಾಯುತ್ತಿರುವ ಸೋದರಮಾವ