ಕೆಟ್ಟಿಲ್ಲಪ್ಪಾ, ಸುಸ್ತಾಗಿದೆ

ಆಂಡರ್ಸನ್‌ಪೇಟೆಯಲ್ಲಿ ಬೀದಿಗೊಬ್ಬರು ಫಿಟ್ಟರಣ್ಣ ಇರುತ್ತಾರೆ. ವಯಸ್ಸು ಎಪ್ಪತ್ತರ ಮೇಲೆ, ಜೇಬಿನಲ್ಲಿ ಪೆನ್ನಿರುವ ಕಡೆ ಟೆಸ್ಟರು. ಇಲ್ಲಿನ ಕೋಲಾರ ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಗಣಿ ವರ್ಕ್‌ಷಾಪಿನ ಫಿಟ್ಟರಣ್ಣ ಮಾತ್ರ ಇನ್ನೂ ಡ್ಯೂಟಿಯಿಂದ ಇಳಿದಿಲ್ಲ.

ನಮ್ಮ ಬೀದಿಯ ಫಿಟ್ಟರಣ್ಣನ ಬಾಯಲ್ಲಿ 'ಕೆಟ್ಟಿದೆ' ಎಂಬ ಮಾತು ಬಂದದ್ದನ್ನು ಯಾರೂ ಕೇಳಿಲ್ಲ. ಮಿಕ್ಸಿಯೋ ಫ್ಯಾನೋ, ಏನು ಮುಂದಿಟ್ಟರೂ ಒಂದೇ ತೀರ್ಪು: "ಕೆಟ್ಟಿಲ್ಲಪ್ಪಾ, ಸುಸ್ತಾಗಿದೆ."

ನಮ್ಮ ಡುರಾಂಟ ಬೇಲಿ ಕತ್ತರಿಸಲೆಂದು ಮಗ ಕರೆಂಟಿನ ಹೆಡ್ಜ್ ಟ್ರಿಮ್ಮರ್ ತಂದುಕೊಟ್ಟಿದ್ದ. ಎರಡನೇ ಮಳೆಗಾಲಕ್ಕೆ ಗುರ್ ಎಂದು ನಿಂತಿತು. ಬೆಂಗಳೂರಿನ ಸರ್ವೀಸಿನವರು "ರಿಪೇರಿಗಿಂತ ಹೊಸದೇ ಅಗ್ಗ ಸಾರ್" ಅಂದರು. ದುಡ್ಡು ಹೋದದ್ದು ನನ್ನದು, ಕೆರಳಿದ್ದು ಫಿಟ್ಟರಣ್ಣ.

"ಶಿವನಸಮುದ್ರದಿಂದ 92 ಮೈಲಿ ತಂತಿ ಎಳೆದು 1902ರಲ್ಲೇ ನಮಗೆ ಕರೆಂಟು ಕೊಟ್ಟರು. ಬೆಂಗಳೂರಿಗೆ ಬಂದಿದ್ದು 1905ಕ್ಕೆ. ಅವನು ನನಗೆ ಮೋಟಾರಿನ ವಿಷಯ ಹೇಳ್ತಾನಾ? ಮೂರು ಕಿಲೋಮೀಟರ್ ಆಳದಲ್ಲಿ ಪಂಪು ನಿಂತರೆ 'ಹೊಸದು ತರಿಸಿ' ಅಂತ ಕೂತಿದ್ವಾ? ನೀರು ಕಾಯುತ್ತಾ?"

ಜಗಲಿಯ ಮೇಲೆ ಹಳೇ ಪೇಪರು ಹಾಸಿ ಆಪರೇಷನ್ ಶುರುವಾಯಿತು. ತಿರುಪಿನ ತಲೆಗೆ ಯಾವ ಸ್ಕ್ರೂಡ್ರೈವರೂ ಕೂರಲಿಲ್ಲ. "ಬಿಚ್ಚಬಾರದು ಅಂತ ಹಾಕಿದಾನೆ ಅಂದರೆ ಒಳಗೆ ನಾಚಿಕೆಗೇಡು ಇದೆ ಅಂತಲೇ." ಸೈಕಲ್ಲಿನ ಕಡ್ಡಿಯೊಂದನ್ನು ಉಜ್ಜಿ ಉಜ್ಜಿ ಆ ತಲೆಗೆ ಹೊಂದಿಸುವಷ್ಟರಲ್ಲಿ ನಾಲ್ಕು ಲೋಟ ಟೀ ಖಾಲಿ.

ಒಳಗಿದ್ದ ರೋಗ ಬಡವರ ರೋಗವೇ. ಆರ್ಮೇಚರಿಗೆ ಕರೆಂಟು ಮುಟ್ಟಿಸುವ ಕಾರ್ಬನ್ನು ಸವೆದು ತೊಗರಿಬೇಳೆಯಷ್ಟಾಗಿತ್ತು. ಬ್ಲೇಡುಗಳ ನಡುವೆ ಎಲೆಯ ರಸ ಒಣಗಿ ಅಂಟಾಗಿತ್ತು; ಆ ಬಿಗಿಗೆ ಏದುಸಿರು ಬಿಟ್ಟು ಮೋಟಾರು ಕಾದಿತ್ತು. ಮಿಕ್ಸಿಯ ದಪ್ಪ ಕಾರ್ಬನ್ನನ್ನು ಉಪ್ಪುಕಾಗದದ ಮೇಲೆ ತಿಕ್ಕಿ ಸಣ್ಣಗೆ ಮಾಡಿದರು, ಬ್ಲೇಡನ್ನು ಸೀಮೆಎಣ್ಣೆಯಲ್ಲಿ ತೊಳೆದರು, ಹಲ್ಲುಹಲ್ಲಿಗೂ ಅರ ಹಿಡಿದರು, ಹೊಲಿಗೆಮಿಷನ್ನಿನ ಎಣ್ಣೆ ಬಿಟ್ಟರು. "ಪ್ರತಿ ಸಲ ಕತ್ತರಿಸಿದ ಮೇಲೆ ಒರೆಸಿ ಎರಡು ತೊಟ್ಟು ಎಣ್ಣೆ ಹಾಕಿದ್ದರೆ ನನ್ನ ಮುಖ ನೋಡೋ ಗತಿ ನಿಮಗೆ ಬರ್ತಿರಲಿಲ್ಲ" ಎಂದು ನನ್ನನ್ನೂ ತೊಳೆದರು.

ಇದೆಲ್ಲ ಒಂದು ದಿನದ ಕೆಲಸವೆಂದು ತಿಳಿಯಬೇಡಿ. ಒಂದೂವರೆ ತಿಂಗಳು. ಅಷ್ಟರಲ್ಲಿ ಡುರಾಂಟ ಬೆಳೆದು ನಮ್ಮ ಮನೆಯ ನಂಬರೇ ಮುಚ್ಚಿಹೋಗಿ, ಪೋಸ್ಟಿನವರು ಪಕ್ಕದ ಮನೆಯಲ್ಲಿ ಕಾಗದ ಕೊಡತೊಡಗಿದರು.

ಕೊನೆಗೊಂದು ಭಾನುವಾರ ಮಿಷನ್ನು ಸರ್ರನೆ ಓಡಿತು. ಬೀದಿಯೆಲ್ಲ ಚಪ್ಪಾಳೆ. ಫಿಟ್ಟರಣ್ಣ ದುಡ್ಡು ಮುಟ್ಟಲಿಲ್ಲ. ಮಂಕಾಗಿ ಮನೆಗೆ ಹೋದರು.

ಮೂರನೇ ದಿನ ಗೇಟಿನ ಹತ್ತಿರ ಬಂದು ಕಿವಿಗೊಟ್ಟರು. "ಸದ್ದು ಸ್ವಲ್ಪ ಬೇರೆ ಥರ ಬರ್ತಿಲ್ವಾ?"

"ಇಲ್ಲಣ್ಣ, ಚೆನ್ನಾಗೇ ಓಡ್ತಿದೆ."

"ವೈರಾದರೂ ತುಂಡಾಯ್ತಾ? ತನ್ನ ವೈರು ತಾನೇ ಕತ್ತರಿಸಿಕೊಳ್ಳೋದು ಇದರ ಜಾತಕದಲ್ಲೇ ಇದೆ."

"ಇಲ್ಲಣ್ಣ."

ಮುಖ ಸಣ್ಣದಾಯಿತು. ನಾಲ್ಕು ಹೆಜ್ಜೆ ಹೋದವರು ತಿರುಗಿ, ನನಗೇ ಧೈರ್ಯ ಹೇಳುವವರಂತೆ ಅಂದರು: "ಇರಲಿ ಬಿಡಿ. ಭಾನುವಾರ ಬರ್ತೀನಿ. ಅಷ್ಟರಲ್ಲಿ ಏನಾದರೂ ಆಗಿರುತ್ತೆ."