ಬಟ್ಟಲು ಹಿಡಿದು ಕಾಯುವವರು

ಮಕ್ಕಳ ವೈದ್ಯಕೀಯ ಸಂಶೋಧನಾ ಸಂಸ್ಥೆಗಳು ಕೆಲಸಕ್ಕೆ ಜನ ಬೇಕೆಂದು ಹೊರಡಿಸುವ ಜಾಹೀರಾತುಗಳ ಭಾಷೆ ಬಲು ಗಂಭೀರ. ರಿಸರ್ಚ್ ಅಸಿಸ್ಟೆಂಟ್, ರಿಸರ್ಚ್ ನರ್ಸ್, ಸ್ಟಡಿ ಕೋಆರ್ಡಿನೇಟರ್, ಡೇಟಾ ಮ್ಯಾನೇಜರ್ ಎಂದು ಹುದ್ದೆಗಳ ಸಾಲು. ಅದರ ಕೆಳಗೆ ಇರಬೇಕಾದ ಗುಣಗಳ ಸಾಲು: ವಿಶ್ಲೇಷಣಾ ಸಾಮರ್ಥ್ಯ, ಸಂವಹನ ಕೌಶಲ, ತಂಡದೊಡನೆ ಹೊಂದಿಕೊಳ್ಳುವ ಸ್ವಭಾವ. ಓದುತ್ತ ಹೋದರೆ ಭಾನುವಾರದ ಪತ್ರಿಕೆಯ ವಧೂವರರ ಅಂಕಣದ ನೆನಪಾಗುತ್ತದೆ. ಆ ಅಂಕಣದಲ್ಲಿ ಹೇಗೋ ಹಾಗೆ ಇಲ್ಲಿಯೂ ಅಸಲು ಸಂಗತಿಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇರುತ್ತದೆ. ಎಂಟು ತಿಂಗಳ ಕೂಸಿನ ಮುಂದೆ ಪುಟ್ಟ ಬಟ್ಟಲು ಹಿಡಿದು, ಅದು ಯಾವಾಗ ಉಚ್ಚೆ ಹೊಯ್ದೀತೆಂದು ರೆಪ್ಪೆ ಮಿಟುಕಿಸದೆ ಕೂರಬಲ್ಲಿರಾ ಎಂಬ ಪ್ರಶ್ನೆ ಮಾತ್ರ ಅಲ್ಲಿ ಕಾಣುವುದಿಲ್ಲ. ಈ ಸಂಸ್ಥೆಗಳ ತಳಪಾಯದ ಕೆಲಸ ಅದೇ ಎಂಬುದು ನನ್ನ ವಾದ. ಮೈಕ್ರೋಸ್ಕೋಪು, ಸಂಖ್ಯಾಶಾಸ್ತ್ರ, ಪ್ರಬಂಧ, ಪ್ರಶಸ್ತಿ ಎಲ್ಲವೂ ಬಟ್ಟಲು ತುಂಬಿದ ಮೇಲಿನ ಮಾತು. ಆದ್ದರಿಂದ ಬಟ್ಟಲು ಹಿಡಿದವರನ್ನೂ ಸಂಶೋಧಕರೆಂದೇ ಕರೆಯಬೇಕು, ‘ಸಹಾಯಕ ಸಿಬ್ಬಂದಿ’ ಎಂದು ಕೃತಜ್ಞತೆಯ ಕೊನೇ ಸಾಲಿಗೆ ತಳ್ಳಬಾರದು.

ಮಾತು ಗಾಳಿಯಲ್ಲಿ ತೇಲಬಾರದೆಂದರೆ ಮೆಲ್ಬರ್ನ್‌ಗೆ ಹೋಗಬೇಕು. ಅಲ್ಲಿನ ರಾಯಲ್ ಚಿಲ್ಡ್ರನ್ಸ್ ಆಸ್ಪತ್ರೆಯ ಆವರಣದಲ್ಲಿ ಮರ್ಡೋಕ್ ಮಕ್ಕಳ ಸಂಶೋಧನಾ ಸಂಸ್ಥೆಯಿದೆ. ಅದರ ಬೇರು 1986ರಲ್ಲಿ ಡೇವಿಡ್ ಡ್ಯಾಂಕ್ಸ್ ಎಂಬ ತಳಿವೈದ್ಯರು ಕಟ್ಟಿದ ಸಂಸ್ಥೆಯಲ್ಲಿದೆ. ಒತ್ತಾಸೆಯಾಗಿ ನಿಂತವರು ಪತ್ರಿಕಾ ದೊರೆ ರೂಪರ್ಟ್ ಮರ್ಡೋಕ್‌ರ ತಾಯಿ ಡೇಮ್ ಎಲಿಸಬೆತ್. ಮಕ್ಕಳ ಮನಸ್ಸು ಹಗುರಾಗಲೆಂದು ಆಸ್ಪತ್ರೆಯಲ್ಲಿ ಎರಡಂತಸ್ತು ಎತ್ತರದ ಮೀನಿನ ತೊಟ್ಟಿಯಿಟ್ಟಿದ್ದಾರೆ, ಮೀರ್‌ಕ್ಯಾಟ್‌ಗಳನ್ನು ಸಾಕಿದ್ದಾರೆ. ಮುಂಗುಸಿಯ ಸಂಬಂಧಿಯಾದ ಈ ಪ್ರಾಣಿಗೆ ಹಿಂಗಾಲ ಮೇಲೆ ನೆಟ್ಟಗೆ ನಿಂತು, ಕತ್ತು ಚಾಚಿ, ಏನೋ ಆಗಲಿದೆ ಎಂದು ಕಾಯುವುದೇ ಕಸುಬು. ಸಂಶೋಧನಾ ಸಂಸ್ಥೆಗೆ ಇದಕ್ಕಿಂತ ಒಪ್ಪುವ ಲಾಂಛನವನ್ನು ನಾನು ಕಾಣೆ.

ಜ್ವರ ಬಂದ ಕೂಸಿಗೆ ಮೂತ್ರದ ಸೋಂಕು ಇದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಮೂತ್ರ ಬೇಕು. ದೊಡ್ಡವರಾದರೆ ಸೀಸೆ ಕೊಟ್ಟು ಬಚ್ಚಲಿನ ದಾರಿ ತೋರಿಸಿದರಾಯಿತು. ಕೂಸಿಗೆ ಚೀಲ ಅಂಟಿಸಿದರೆ ಚರ್ಮದ ಮೇಲಿನ ಕ್ರಿಮಿಗಳೂ ಬೆರೆತು ಪರೀಕ್ಷೆ ಕೆಡುತ್ತದೆ. ಟ್ಯೂಬು ತೂರಿಸುವುದೋ ಕಿಬ್ಬೊಟ್ಟೆಗೆ ಸೂಜಿ ಚುಚ್ಚುವುದೋ ಮಾಡಿದರೆ ಫಲ ಖಾತ್ರಿ, ಆದರೆ ಕೂಸಿಗೆ ನೋವು. ಉಳಿದದ್ದು ಬಟ್ಟಲು ಮತ್ತು ತಾಳ್ಮೆ. ಈ ತಾಳ್ಮೆಯನ್ನು ಚೂರು ಮೊಟಕು ಮಾಡಲಾದೀತೇ ಎಂದು ಮೆಲ್ಬರ್ನಿನವರು ಯೋಚಿಸಿದರು. ತಣ್ಣನೆಯ ಸಲೈನಿನಲ್ಲಿ ಅದ್ದಿದ ಗಾಜ್ ಬಟ್ಟೆಯಿಂದ ಕೂಸಿನ ಕಿಬ್ಬೊಟ್ಟೆಯ ಮೇಲೆ ಐದು ನಿಮಿಷ ವೃತ್ತಾಕಾರವಾಗಿ ಸವರುವುದು, ಇಷ್ಟೇ ಉಪಾಯ. ಒಂದರಿಂದ ಹನ್ನೆರಡು ತಿಂಗಳ ಸುಮಾರು 350 ಕೂಸುಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಸವರಿ ಇನ್ನೊಂದಕ್ಕೆ ಸವರದೆ, 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಪ್ರಕಟಿಸಿದರು. ಸವರಿದವರಲ್ಲಿ ಶೇ. 31 ಕೂಸುಗಳು ಐದು ನಿಮಿಷದೊಳಗೆ ಹೊಯ್ದವು, ಸವರದವರಲ್ಲಿ ಶೇ. 12. ಆದರೆ ನನಗೆ ಪ್ರಿಯವಾದದ್ದು ಕೋಷ್ಟಕದ ಮುಂದಿನ ಸಾಲು. ಹೊಯ್ದದ್ದು ಬಟ್ಟಲಿಗೇ ಬಿದ್ದದ್ದು ಎಷ್ಟು ಎಂಬ ಲೆಕ್ಕವನ್ನೂ ಅವರು ಬೇರೆ ಇಟ್ಟಿದ್ದಾರೆ: ಸವರಿದವರಲ್ಲಿ ಶೇ. 30, ಸವರದವರಲ್ಲಿ ಶೇ. 9. ನಡುವಿನ ವ್ಯತ್ಯಾಸ ಎಲ್ಲಿ ಹೋಯಿತೆಂದು ಕೂಸು ಸಾಕಿದ ಯಾರಿಗೂ ವಿವರಿಸಬೇಕಿಲ್ಲ. ವಿಜ್ಞಾನದ ಪ್ರಾಮಾಣಿಕತೆ ಎಂದರೆ ಏನೆಂದು ಕೇಳುವವರಿಗೆ ನಾನು ಈ ಸಾಲನ್ನು ತೋರಿಸುತ್ತೇನೆ. ಅಂಗಿಯ ಮೇಲೆ ಬಿದ್ದದ್ದನ್ನು ಬಟ್ಟಲಿಗೆ ಬಿತ್ತೆಂದು ಬರೆದುಕೊಳ್ಳಲಿಲ್ಲವಲ್ಲ!

ಇಷ್ಟು ಹೇಳುವಷ್ಟರಲ್ಲಿ ಅಜ್ಜಿಯರ ಪಕ್ಷದಿಂದ ಆಕ್ಷೇಪ ಎದ್ದಿರುತ್ತದೆ. ಕೂಸನ್ನು ಪಾದಗಳ ಮೇಲೆ ಕುಕ್ಕರಗಾಲಲ್ಲಿ ಕೂರಿಸಿಕೊಂಡು ‘ಸ್‌ಸ್‌ಸ್’ ಎಂದರೆ ಸಾಕು, ಇದಕ್ಕೆ ಆಸ್ಟ್ರೇಲಿಯಾದವರೆಗೆ ಹೋಗಬೇಕಿತ್ತೇ? ಆಕ್ಷೇಪಕ್ಕೆ ತೂಕವಿದೆ. ಆದರೆ ಅಜ್ಜಿಯ ಲೆಕ್ಕಪುಸ್ತಕದಲ್ಲಿ ಜಮೆ ಮಾತ್ರ ಇರುತ್ತದೆ, ಖರ್ಚಿನ ಪುಟ ಇರುವುದಿಲ್ಲ. ಹೊಯ್ದ ಕೂಸು ನೆನಪಿನಲ್ಲಿ ಉಳಿಯುತ್ತದೆ. ಹೊಯ್ಯದ ಕೂಸಿಗೆ ‘ಇವತ್ತು ಯಾಕೋ ಹಟ’ ಎಂದು ರಿಯಾಯಿತಿ ಸಿಗುತ್ತದೆ. ಮೆಲ್ಬರ್ನಿನವರು ನೂರಕ್ಕೆ 69 ಕೂಸುಗಳು ತಮ್ಮ ಉಪಾಯಕ್ಕೆ ಸೊಪ್ಪು ಹಾಕಲಿಲ್ಲವೆಂದು ತಾವೇ ಬರೆದುಕೊಂಡರು. ಅನುಭವ ಮತ್ತು ಸಂಶೋಧನೆಯ ನಡುವಿನ ಅಂತರ ಆ 69.

ಈ ಅಂತರ ತಮಾಷೆಯಲ್ಲ. ಡಾಕ್ಟರ್ ಸ್ಪಾಕ್ ಎಂಬ ಅಮೆರಿಕದ ವೈದ್ಯರ ಶಿಶುಪಾಲನೆಯ ಪುಸ್ತಕವನ್ನು ಕೋಟ್ಯಂತರ ತಾಯಂದಿರು ಓದಿದರು. ಕೂಸು ಕಕ್ಕಿದ್ದು ಗಂಟಲಿಗೆ ಸಿಕ್ಕೀತೆಂದು ಬೋರಲು ಮಲಗಿಸಿ ಎಂದು 1950ರ ದಶಕದಿಂದಾಚೆಗಿನ ಆವೃತ್ತಿಗಳಲ್ಲಿ ಅವರು ಬುದ್ಧಿ ಹೇಳಿದರು. ಕೇಳುವುದಕ್ಕೆ ಎಷ್ಟು ಸಮಂಜಸ! ಆದರೆ ಚೆನ್ನಾಗಿದ್ದ ಕೂಸುಗಳು ರಾತ್ರಿ ಮಲಗಿ ಬೆಳಗ್ಗೆ ಏಳದೆ ಹೋಗುವ ‘ತೊಟ್ಟಿಲ ಸಾವು’ ಬೋರಲು ಮಲಗಿದವರಲ್ಲೇ ಹೆಚ್ಚು ಎಂದು ಆಮೇಲೆ ಗೊತ್ತಾಯಿತು. ಲಭ್ಯವಿದ್ದ ಪುರಾವೆಯನ್ನು 1970ರ ಹೊತ್ತಿಗೇ ಒಟ್ಟುಗೂಡಿಸಿ ನೋಡಿದ್ದರೆ ಯುರೋಪ್, ಅಮೆರಿಕ ಮತ್ತು ಆಸ್ಟ್ರೇಲಿಯಾ ಕಡೆಯ ದೇಶಗಳಲ್ಲಿ 50,000 ಕೂಸುಗಳಾದರೂ ಉಳಿಯುತ್ತಿದ್ದವೆಂದು 2005ರ ಒಂದು ಅಂದಾಜು ಹೇಳುತ್ತದೆ. ಇದನ್ನು ಗಟ್ಟಿ ಮಾಡಿದ ಅಧ್ಯಯನಗಳಲ್ಲಿ ಒಂದು ಟಾಸ್ಮೇನಿಯಾ ದ್ವೀಪದ್ದು, 1991ರಲ್ಲಿ ಪ್ರಕಟವಾದದ್ದು. ಅದನ್ನು ನಡೆಸಿದ ಟೆರಿ ಡ್ವಾಯರ್ ಮುಂದೆ ಮರ್ಡೋಕ್ ಸಂಸ್ಥೆಯ ನಿರ್ದೇಶಕರಾದರು. ಅಲ್ಲಿ ನಡೆದ ಮಹತ್ಕಾರ್ಯವೇನು? ಬಾಣಂತಿಯರ ಮನೆಬಾಗಿಲಿಗೆ ಹೋಗಿ ‘ಕೂಸನ್ನು ಹೇಗೆ ಮಲಗಿಸುತ್ತೀರಿ?’ ಎಂದು ಕೇಳಿ ಬರೆದುಕೊಳ್ಳುವುದು, ದುರಂತ ನಡೆಯುವುದಕ್ಕೆ ಮೊದಲೇ ಬರೆದುಕೊಳ್ಳುವುದು. ಇದೂ ಬಟ್ಟಲು ಹಿಡಿಯುವ ಕೆಲಸವೇ, ಬಟ್ಟಲಿನ ಬದಲು ಕೈಯಲ್ಲಿ ಪೆನ್ನು ಇತ್ತು ಅಷ್ಟೆ. ನಮ್ಮ ಕಡೆಯ ಅಜ್ಜಿಯರು ತಲೆ ಗುಂಡಗಾಗಲೆಂದು ರಾಗಿ ದಿಂಬಿನ ಮೇಲೆ ಅಂಗಾತ ಮಲಗಿಸಿ ತಿಳಿಯದೆಯೇ ಸರಿಯಾದದ್ದನ್ನು ಮಾಡಿದರು. (ದಿಂಬು ಬೇಡ ಎಂದು ಈಗಿನ ವೈದ್ಯರು ಹೇಳುತ್ತಾರೆ, ಅರ್ಧ ಅಂಕ ಕಳೆಯೋಣ.) ಸ್ಪಾಕ್ ಡಾಕ್ಟರು ತರ್ಕದಿಂದ ತಪ್ಪಿದರು, ಅಜ್ಜಿ ಬೇರೆ ಕಾರಣಕ್ಕೆ ಗೆದ್ದಳು. ಯಾರು ಸರಿ ಎಂದು ತಿಳಿದದ್ದು ಮನೆಮನೆ ತಿರುಗಿ ಬರೆದುಕೊಂಡವರಿಂದ.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು. ಬಟ್ಟಲು ಹಿಡಿಯಲು ಕೈ ಸಾಕು, ತಲೆ ಬೇಕಾಗಿಲ್ಲ. ಯಾವ ಬಟ್ಟಲನ್ನು ಯಾರ ಕೆಳಗೆ ಹಿಡಿಯಬೇಕೆಂದು ಹೇಳುವವನೇ ವಿಜ್ಞಾನಿ ಎನ್ನುತ್ತಾರೆ. ಇದಕ್ಕೆ ಉತ್ತರ ರೋಟಾವೈರಸ್ಸಿನ ಕತೆಯಲ್ಲಿದೆ, ಮತ್ತು ಆ ಕತೆ ಉದ್ದಕ್ಕೂ ಲಂಗೋಟಿಯಲ್ಲೇ ನಡೆಯುತ್ತದೆ. ಕೂಸುಗಳಿಗೆ ಬರುವ ಜೋರಾದ ವಾಂತಿಭೇದಿಗೆ ಬಹಳ ಸಲ ಕಾರಣವೇ ಸಿಗುತ್ತಿರಲಿಲ್ಲ. 1973ರಲ್ಲಿ ಮೆಲ್ಬರ್ನಿನ ಇದೇ ಮಕ್ಕಳ ಆಸ್ಪತ್ರೆಯಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ಕಾಯಿಲೆ ಬಿದ್ದ ಮಕ್ಕಳ ಸಣ್ಣ ಕರುಳಿನ ಚೂರನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿ ಹೊಸ ವೈರಸ್ಸನ್ನು ಕಂಡರು. ಗಾಡಿಯ ಚಕ್ರದಂತೆ ಕಾಣುವುದರಿಂದ, ಲ್ಯಾಟಿನ್ನಿನಲ್ಲಿ ಚಕ್ರಕ್ಕೆ ‘ರೋಟಾ’ ಎನ್ನುವುದರಿಂದ ಆ ಹೆಸರು ನಿಂತಿತು. ಆದರೆ ಪ್ರತಿ ಕೂಸಿನ ಗಂಟಲಲ್ಲಿ ಕೊಳವೆ ಇಳಿಸಿ ಕರುಳು ಚಿವುಟಲಾದೀತೇ? ಮರುವರ್ಷ ಅದೇ ತಂಡ ಮಲದಲ್ಲೇ ವೈರಸ್ಸನ್ನು ತೋರಿಸಿತು. ಅಲ್ಲಿಂದ ಮುಂದೆ ಜಗತ್ತಿನ ಎಲ್ಲ ಕೂಸುಗಳ ಕಕ್ಕ ಏಕಾಏಕಿ ಅಮೂಲ್ಯವಾಯಿತು.

ಕಾಯಿಲೆ ಬಿದ್ದ ಕೂಸಿನ ಮಲವನ್ನು ಯಾರಾದರೂ ಪರೀಕ್ಷೆಗೆ ಕಳಿಸುತ್ತಾರೆ. ಗುಂಡುಕಲ್ಲಿನಂತಿರುವ ಕೂಸಿನ ಲಂಗೋಟಿ ಬಿಚ್ಚಿ ಅದನ್ನು ಸೀಸೆಗೆ ತುಂಬಿಕೊಳ್ಳುವವರು ಎಷ್ಟು ಜನ? ಹಾಗೆ ತುಂಬಿಕೊಂಡದ್ದರಿಂದಲೇ ಲಸಿಕೆಯ ದಾರಿ ತೆರೆಯಿತು. ಮೆಲ್ಬರ್ನಿನ ಹೆರಿಗೆ ವಾರ್ಡುಗಳ ನವಜಾತ ಶಿಶುಗಳಲ್ಲಿ ವೈರಸ್ಸು ಇತ್ತು, ಭೇದಿ ಇರಲಿಲ್ಲ. ಅಂಥ ಕೂಸುಗಳನ್ನು ಮೂರು ವರ್ಷ ಹಿಂಬಾಲಿಸಿ ನೋಡಿದಾಗ ಮುಂದೆ ಅವಕ್ಕೆ ರೋಟಾ ತಗುಲಿದರೂ ತೀವ್ರವಾಗಲಿಲ್ಲವೆಂದು 1983ರಲ್ಲಿ ಬಿಷಪ್ ತಂಡ ವರದಿ ಮಾಡಿತು. ದೆಹಲಿಯ ಏಮ್ಸ್‌ನಲ್ಲಿ ಎಂ.ಕೆ. ಭಾನ್ ಅವರ ತಂಡಕ್ಕೂ ಭೇದಿಯಿಲ್ಲದ ನವಜಾತರಲ್ಲೇ 116ಇ ಎಂಬ ತಳಿ ಸಿಕ್ಕಿತು. ಬೆಂಗಳೂರಿನ ಕೂಸುಗಳೂ ಹಿಂದೆ ಬೀಳಲಿಲ್ಲ. ಅವುಗಳ ಲಂಗೋಟಿಯಲ್ಲಿ ಸಿಕ್ಕ ಐ321 ತಳಿಯನ್ನು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುರ್ಗಾ ರಾವ್ ಅವರ ತಂಡ ಬಿಡಿಸಿ ನೋಡಿದರೆ ಅದರ ಬಹುಪಾಲು ಜೀನುಗಳು ಹಸುವಿನ ವೈರಸ್ಸಿನವು! ಬೆಂಗಳೂರಿನ ರಸ್ತೆಯ ನಡುವೆ ಹಸು ಮಲಗಿರುವುದನ್ನು ಕಂಡವರಿಗೆ ಇದರಲ್ಲಿ ಅಂಥ ಆಶ್ಚರ್ಯವೇನೂ ಕಾಣದು. ಎರಡನ್ನೂ ಮಕ್ಕಳಿಗೆ ಕೊಟ್ಟು ನೋಡಿದಾಗ ದೆಹಲಿಯ ತಳಿ ಗೆದ್ದಿತು, ಬೆಂಗಳೂರಿನದು ಹಿಂದೆ ಸರಿಯಿತು. ದೆಹಲಿ, ಪುಣೆ, ವೆಲ್ಲೂರುಗಳಲ್ಲಿ 6,799 ಕೂಸುಗಳ ಮೇಲೆ ಪರೀಕ್ಷೆ ನಡೆದು, ಅದು ‘ರೋಟಾವ್ಯಾಕ್’ ಎಂಬ ಲಸಿಕೆಯಾಗಿ 2015ರಲ್ಲಿ ಹೊರಬಂತು. ಮರುವರ್ಷ ಸರಕಾರಿ ಲಸಿಕೆಗಳ ಸಾಲಿಗೆ ಸೇರಿತು. ಇಸವಿ 2000ದಲ್ಲಿ ಜಗತ್ತಿನಲ್ಲಿ ಸುಮಾರು 5,28,000 ಎಳೆಯ ಮಕ್ಕಳನ್ನು ಕೊಂದ ರೋಟಾ 2013ರ ಹೊತ್ತಿಗೆ ಸುಮಾರು 2,15,000ಕ್ಕೆ ಇಳಿಯಿತೆಂಬುದು ಅಂದಾಜು. ಲಸಿಕೆಯ ಜೊತೆಗೆ ಓಆರ್‌ಎಸ್, ಶುದ್ಧ ನೀರು ಎಲ್ಲಕ್ಕೂ ಅದರಲ್ಲಿ ಪಾಲುಂಟು. ಹೇಳಬೇಕಾದ್ದು ಇಷ್ಟು: ತಲೆಗೆ ಬೇಕಾದ ಪ್ರಶ್ನೆಯನ್ನು ಕೊಟ್ಟದ್ದೇ ಕೈ. ಮಲ ಕೈಗೆ ಬರುವ ಮೊದಲು ರೋಟಾದಲ್ಲೂ ‘ಕಾಯಿಲೆಯಿಲ್ಲದ ಸೋಂಕು’ ಉಂಟೆಂದು ಯಾವ ತಲೆಗೂ ಗೊತ್ತಾಗುವಂತಿರಲಿಲ್ಲ.

ಇನ್ನು ಲಂಗೋಟಿಯ ಕಷ್ಟವನ್ನೂ ಹತ್ತಿರದಿಂದ ನೋಡಬೇಕು. ಈ ಕಾಲದ ಡಯಾಪರ್ ಒದ್ದೆಯನ್ನು ಕುಡಿದುಬಿಡಲೆಂದೇ ತಯಾರಾದದ್ದು. ತಾಯಿಗೆ ವರವಾದದ್ದು ಸಂಶೋಧಕರಿಗೆ ಶಾಪ: ನೀರು ನೀರಾದ ಭೇದಿ ಪೂರಾ ಜೆಲ್ಲಿನೊಳಗೆ ಇಂಗಿ, ಚಮಚಕ್ಕೆ ಸಿಗುವಂಥದ್ದೇನೂ ಉಳಿಯದು. ಅದಕ್ಕೆ ಒಳಗಡೆ ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ಕೂಸಿಗೆ ಅದು ಚರಪರ ಅನ್ನಿಸಿದರೆ ಕಿತ್ತೆಸೆಯುತ್ತದೆ. ವೆಲ್ಲೂರಿನ ಬಡಾವಣೆಗಳಲ್ಲಿ ಗಗನ್‌ದೀಪ್ ಕಾಂಗ್ ಅವರ ತಂಡ 373 ಮಕ್ಕಳನ್ನು ಹುಟ್ಟಿದಾಗಿನಿಂದ ಮೂರು ವರ್ಷ ಹಿಂಬಾಲಿಸಿತು. ವಾರಕ್ಕೆ ಎರಡು ಸಲ ಮನೆಗೆ ಭೇಟಿ, ಭೇದಿಯಿರಲಿ ಬಿಡಲಿ ಎರಡು ವಾರಕ್ಕೊಮ್ಮೆ ಮಲದ ಮಾದರಿ. ಒಂದು ಮಗುವಿಗೆ ಮೂರು ವರ್ಷಕ್ಕೆ ಮುನ್ನೂರಕ್ಕೂ ಹೆಚ್ಚು ಭೇಟಿ ಎಂದರೆ ಒಟ್ಟು ಲಕ್ಷ ದಾಟುತ್ತದೆ. ಅಷ್ಟು ಸಲ ಬಾಗಿಲು ತಟ್ಟಿ, ಅಷ್ಟು ಸಲ ಚಪ್ಪಲಿ ಬಿಟ್ಟು, ‘ಇವತ್ತು ಪಾಪು ಎಷ್ಟು ಸಲ ಹೋಯಿತಮ್ಮಾ?’ ಎಂದು ಕೇಳಿಯೂ ಮನೆಯವರಿಂದ ಬೈಸಿಕೊಳ್ಳದೆ ಬರುವುದು ಯಾವ ಡಿಗ್ರಿಯಲ್ಲೂ ಕಲಿಸದ ವಿದ್ಯೆ. ಮೊದಲ ಸೋಂಕು ಮುಂದಿನವುಗಳಿಂದ ಕಾಪಾಡುವುದು ಭಾರತದಲ್ಲಿ ಬೇರೆ ದೇಶಗಳಷ್ಟು ಬಲವಾಗಿಲ್ಲವೆಂಬ ಬೇಸರದ ಸತ್ಯ ಇಂಥ ಭೇಟಿಗಳಿಂದಲೇ ತಿಳಿದದ್ದು. ಲಸಿಕೆ ಇಲ್ಲಿ ಯಾಕೆ ಸ್ವಲ್ಪ ಸಪ್ಪೆಯಾಗಿ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಅದರಲ್ಲೊಂದು ಸುಳಿವಿತ್ತು.

ಯಂತ್ರ ಬಂದು ಬಟ್ಟಲನ್ನು ಕಿತ್ತುಕೊಳ್ಳುತ್ತದೆ ಎನ್ನುವವರೂ ಇದ್ದಾರೆ. ಜೀನು ಓದುವ ಯಂತ್ರ ಬಂದಿದೆ, ಲಕ್ಷಾಂತರ ಕಡತ ಜಾಲಾಡುವ ಕಂಪ್ಯೂಟರು ಬಂದಿದೆ. ಬರಲಿ. ಅವಕ್ಕೂ ಒಂದು ತೊಟ್ಟು ಬೇಕು, ಆ ತೊಟ್ಟು ಕೂಸಿನೊಳಗಿದೆ. ಮೂರು ಕಿಲೋ ತೂಗುವ ಕೂಸಿನ ಮೈಯಲ್ಲಿರುವ ಒಟ್ಟು ರಕ್ತ ಕಾಲು ಲೀಟರಿನ ಸುಮಾರು. ಸಂಶೋಧನೆಗೆಂದು ಒಂದು ಸಲಕ್ಕೆ ಅದರಲ್ಲಿ ಶೇ. 1ಕ್ಕಿಂತ ಹೆಚ್ಚು ತೆಗೆಯಬಾರದೆಂಬುದು ಯುರೋಪಿನ ಮಾರ್ಗಸೂಚಿ. ಅಂದರೆ ಎರಡೂವರೆ ಮಿಲಿಲೀಟರ್, ಅರ್ಧ ಟೀ ಚಮಚ. ಬೆಂಗಳೂರಿನ ಹೋಟೆಲಿನ ಬೈಟು ಕಾಫಿಯ ಲೋಟದ ತಳದಲ್ಲಿ ಉಳಿಯುವ ಗಸಿ ಅದಕ್ಕಿಂತ ಹೆಚ್ಚಿದ್ದೀತು. ಅಷ್ಟರಲ್ಲೇ ಹತ್ತು ಪರೀಕ್ಷೆ ಮುಗಿಸಬೇಕಾದ ಲ್ಯಾಬ್ ಟೆಕ್ನಿಶಿಯನ್ನಿನ ಕೈ ನಡುಗಿದರೆ ಎರಡನೇ ಸಲ ಚುಚ್ಚುವಂತಿಲ್ಲ. ಯಂತ್ರದ ಬೆಲೆ ಕೋಟಿಯಿರಬಹುದು. ಅದು ಕಾದು ಕೂತಿರುವುದು ಈ ಕೈಗಾಗಿ.

ಕೊನೆಯ ಆಕ್ಷೇಪವನ್ನು ಯಾರೂ ಎತ್ತದಿದ್ದರೂ ನಾನೇ ಎತ್ತಬೇಕು, ಏಕೆಂದರೆ ಅದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಕೂಸನ್ನು ಯಾರು ಕೇಳಿದರು? ಎಂಟು ತಿಂಗಳಿನದನ್ನು ಯಾರೂ ಕೇಳಲಾರರು. ಅಪ್ಪ ಅಮ್ಮ ಸಹಿ ಹಾಕುತ್ತಾರೆ. ಹಾಗಾದರೆ ಸಂಶೋಧನೆಯೇ ಬೇಡ ಎನ್ನೋಣವೆಂದರೆ, ದೊಡ್ಡವರ ಔಷಧವನ್ನು ಕಿಲೋ ಲೆಕ್ಕದಲ್ಲಿ ಭಾಗಿಸಿ ಅಂದಾಜಿನ ಮೇಲೆ ಕುಡಿಸಬೇಕಾಗುತ್ತದೆ. ಅದೂ ಕೂಸಿನ ಮೇಲಿನ ಪ್ರಯೋಗವೇ, ಲೆಕ್ಕ ಇಡದ ಪ್ರಯೋಗ. ಮಗು ಬೆಳೆದಂತೆ ಮಾತ್ರ ಅದರ ಅಧಿಕಾರವೂ ಬೆಳೆಯುತ್ತದೆ. ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ಏಳು ವರ್ಷ ತುಂಬಿದ ಮಗುವಿನ ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ಕೇಳಬೇಕು, ಹನ್ನೆರಡು ದಾಟಿದರೆ ಬರಹದಲ್ಲಿ. ಏಳರ ಪೋರ ‘ಊಹೂಂ’ ಎಂದು ತಲೆಯಾಡಿಸಿದರೆ ಅಪ್ಪನ ಸಹಿ, ಎಥಿಕ್ಸ್ ಕಮಿಟಿಯ ಮುದ್ರೆ, ಕೋಟಿ ರೂಪಾಯಿಯ ಅನುದಾನ ಎಲ್ಲವೂ ಅವನ ಮುಂದೆ ಕೈಕಟ್ಟಿ ನಿಲ್ಲಬೇಕು. ಆಗ ಪುಸಲಾಯಿಸುವಂತಿಲ್ಲ, ಚಾಕೊಲೇಟಿನ ಆಸೆ ತೋರಿಸುವಂತಿಲ್ಲ, ಮುಖ ಸಪ್ಪೆ ಮಾಡಿಕೊಳ್ಳುವಂತೆಯೂ ಇಲ್ಲ. ಮಾಡಬೇಕಾದ್ದೇನಿದ್ದರೂ ಬಟ್ಟಲನ್ನು ಚೀಲಕ್ಕೆ ಹಾಕಿ, ಮನೆಯವರು ಕೊಟ್ಟ ಕಾಫಿ ಕುಡಿದು, ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಮನೆಯ ಬಾಗಿಲು ತಟ್ಟುವುದು.