ಗುಟ್ಟು ರಟ್ಟು

ಬಸವನಗುಡಿಯ ಪಾರ್ಕಿನ ಕಲ್ಲುಬೆಂಚು. ವಾಕಿಂಗ್ ಮುಗಿಸಿ ಕೂತ ರಾಯರು, ಶೆಟ್ಟರು.

ರಾಯರು: ಶೆಟ್ರೇ, ಈ ಫೋನು ನಮ್ಮ ಮಾತು ಕದ್ದು ಕೇಳುತ್ತೆ ಕಣ್ರೀ! ನಿನ್ನೆ ಮಂಡಿನೋವು ಅಂದೆ. ಇವತ್ತು ಬರೀ ಎಣ್ಣೆ ಜಾಹೀರಾತು.

ಶೆಟ್ಟರು: ಕದ್ದು ಯಾಕೆ ಕೇಳ್ಬೇಕು? ಮಂಡಿ ಎಕ್ಸ್‌ರೇನ ನೀವೇ ಮೂರು ಗ್ರೂಪಿಗೆ ಹಾಕಿದ್ರಲ್ಲ!

ರಾಯರು: ಅವು ನಮ್ಮವರ ಗ್ರೂಪು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲೇ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದಾರೆ. ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು, ಗೊತ್ತಾ?

ಶೆಟ್ಟರು: ಅವರೇನೋ ಗೆದ್ದುಕೊಟ್ರು. ನಿಮ್ಮ ಟಾರ್ಚ್ ಆ್ಯಪು ಕಾಂಟ್ಯಾಕ್ಟು, ಲೊಕೇಶನ್ನು, ಮೈಕು ಎಲ್ಲಾ ಕೇಳಿದಾಗ ಏನು ಮಾಡಿದ್ರಿ?

ರಾಯರು: 'ಅಲೌ' ಒತ್ತಿದೆ. ಕರೆಂಟ್ ಹೋಗಿತ್ತು, ಕತ್ತಲಲ್ಲಿ ಷರತ್ತು ಓದೋಕಾಗುತ್ತೇನ್ರೀ?

ಶೆಟ್ಟರು: ಹೋಗ್ಲಿ, ಪಾಸ್‌ವರ್ಡಾದ್ರೂ ಭದ್ರವಾಗಿದೆಯಾ?

ರಾಯರು: (ದನಿ ತಗ್ಗಿಸಿ) ಯಾರಿಗೂ ಹೇಳ್ಬೇಡಿ. ಮೊಮ್ಮಗಳ ಹೆಸರು, ಪಕ್ಕದಲ್ಲಿ ಅವಳ ವಯಸ್ಸು.

ಶೆಟ್ಟರು: ಎರಡೂ ಕೇಕಿನ ಮೇಲೇ ಇತ್ತಲ್ರೀ, ನೀವು ಸ್ಟೇಟಸ್ಸಿಗೆ ಹಾಕಿದ ಫೋಟೋದಲ್ಲಿ!

ರಾಯರು: ಅಯ್ಯೋ ರಾಮ! ಈಗಲೇ ಬದಲಾಯಿಸ್ತೀನಿ. ಆದ್ರೆ ಹೊಸದು ನನಗೆ ಮರೆತುಹೋಗುತ್ತೆ. ನಮ್ಮ ವಾಕಿಂಗ್ ಗ್ರೂಪಿಗೇ ಹಾಕಿರ್ತೀನಿ, ಸ್ವಲ್ಪ ಜೋಪಾನ!